ಡಬ್ಬಿ ಅದೇ, ತಂಬಾಕು?

'ಒಂದೇ ಹದ, ಒಂದೇ ಅಳತೆ ಅಂದಮೇಲೆ ಪದಾರ್ಥವೂ ಒಂದೇ. ಮಿಕ್ಕಿದ್ದೆಲ್ಲ ನಿನ್ನ ಹಳಹಳಿಕೆ' ಎಂದು ಗೆಳೆಯ ಹೇಳಿದ ಮಾತು ಮೂರು ದಿನ ನನ್ನ ತಲೆ ತಿಂದಿತು. ಅವನು ಲಂಡನ್ನಿನಿಂದ ತಂದ ತ್ರೀ ನನ್ಸ್ ಪೈಪ್ ತಂಬಾಕಿನ ಡಬ್ಬಿ ಮೇಜಿನ ಮೇಲಿತ್ತು. ಪಕ್ಕದಲ್ಲೇ ಅಪ್ಪನ ಹಳೇ ಡಬ್ಬಿ, ಹೆಸರು ಅದೇ. ಅಪ್ಪ ಚಿಕ್ಕಮಗಳೂರಿನ ತೋಟವೊಂದರಲ್ಲಿ ಮ್ಯಾನೇಜರಾಗಿದ್ದರು. ಸಂಜೆ ಜಗಲಿಯಲ್ಲಿ ಕೂತು, ಕಾಸಿನಗಲದ ತಂಬಾಕಿನ ಬಿಲ್ಲೆಗಳನ್ನು ಅಂಗೈಯಲ್ಲಿ ಉಜ್ಜಿ ಪೈಪಿಗೆ ತುಂಬುತ್ತಿದ್ದರು. ಒಣದ್ರಾಕ್ಷಿ ಹುಳಿತಂಥ ವಾಸನೆ. ಡಾಕ್ಟರು ಬಿಡಿಸುವವರೆಗೂ ನಮ್ಮ ಮನೆಯ ಸಂಜೆಗೆ ಅದೇ ವಾಸನೆಯಿತ್ತು.

ಹೊಸ ಡಬ್ಬಿಯಲ್ಲೂ ಬಿಲ್ಲೆಗಳಿವೆ. ಆ ವಾಸನೆ ಇಲ್ಲ. ಕಾರಣ ಸರಳ. ಗ್ಲಾಸ್ಗೋದ ಬೆಲ್ ಕಂಪನಿಯ ಹಳೆಯ ಮಿಶ್ರಣದಲ್ಲಿ ಪೆರೀಕ್ ಇತ್ತು. ಅದು ಲೂಯಿಸಿಯಾನದ ಸೇಂಟ್ ಜೇಮ್ಸ್ ಪ್ರಾಂತ್ಯದ ಎಲೆ. ಪೀಪಾಯಿಗೆ ತುಂಬಿ, ಮೇಲೆ ಭಾರ ಹೇರಿ, ತನ್ನದೇ ರಸದಲ್ಲಿ ತಿಂಗಳುಗಟ್ಟಲೆ ಕಳಿಯಲು ಬಿಡುತ್ತಾರೆ, ನಮ್ಮ ಉಪ್ಪಿನಕಾಯಿಯ ಹಾಗೆ. ತಯಾರಿಕೆ ಡೆನ್ಮಾರ್ಕಿಗೆ ಹೋದ ಮೇಲಿನ ತ್ರೀ ನನ್ಸ್‌ನಲ್ಲಿ ಅದರ ಜಾಗಕ್ಕೆ ಹೊಗೆಯಲ್ಲಿ ಹದಮಾಡಿದ ಕೆಂಟಕಿ ಎಲೆ ಬಂದಿದೆ.

ಗೆಳೆಯ ಸೋಲಲಿಲ್ಲ. 'ಸರಿ, ಪೆರೀಕ್ ಹಾಕಿದ್ದರೆ?'

ಇಲ್ಲಿ ಹಲಗೆಗಳೆಲ್ಲ ಒಂದೊಂದಾಗಿ ಬದಲಾದ ಥೀಸಿಯಸ್ಸನ ಹಡಗನ್ನೋ ಬೌದ್ಧರ ಕ್ಷಣಿಕವಾದವನ್ನೋ ಎಳೆದು ತರಬಹುದು. ಕ್ಲಾಸಿನಲ್ಲಿ ಕೇಳಿ ಕೇಳಿ ನನಗೆ ಎರಡೂ ಸಾಕಾಗಿವೆ. ಗೆಳೆಯನ ಬೆನ್ನಿಗೆ ನಿಜವಾದ ಬಲ ಕೊಡುವವನು ತತ್ವಜ್ಞಾನಿ ನೆಲ್ಸನ್ ಗುಡ್‌ಮನ್. 1968ರ 'ಲ್ಯಾಂಗ್ವೇಜಸ್ ಆಫ್ ಆರ್ಟ್' ಪುಸ್ತಕದಲ್ಲಿ ಅವನು ಕಲೆಗಳನ್ನು ಎರಡು ಪಾಲು ಮಾಡುತ್ತಾನೆ. ಚಿತ್ರವನ್ನು ನಕಲು ಮಾಡಿ ಮೋಸಮಾಡಬಹುದು. ಸ್ವರಲಿಪಿಯಿರುವ ಸಂಗೀತಕ್ಕೆ ಆ ಭಯವಿಲ್ಲ: ಬರೆದ ಸ್ವರಗಳನ್ನೆಲ್ಲ ಯಾರು, ಎಂದು ನುಡಿಸಿದರೂ ಅದು ಅದೇ ಕೃತಿ. ಒಂದು ಸ್ವರ ತಪ್ಪಿತೋ, ಅಲ್ಲ. ತಂಬಾಕಿಗೂ ಸ್ವರಲಿಪಿ ಇದ್ದಂತೆ ಕಾಣುತ್ತದೆ. ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ 1907ರಲ್ಲಿ ಅಂಗಡಿ ತೆರೆದ ಡನ್‌ಹಿಲ್, ಒಬ್ಬೊಬ್ಬ ಗಿರಾಕಿಯ ಮಿಶ್ರಣವನ್ನೂ ನಂಬರು ಹಾಕಿ ಪುಸ್ತಕದಲ್ಲಿ ಬರೆದಿಡುತ್ತಿದ್ದ. 'ಮೈ ಮಿಕ್ಸ್ಚರ್ 965' ಎಂಬ ಹೆಸರಿನ 965 ಅಂಥದೇ ನಂಬರು.

ಆದರೆ ಎಲೆ ಸ್ವರವಲ್ಲ. ಮೈಸೂರಿನಲ್ಲಿ ನಾವು ಕಾಫಿಪುಡಿ ತರುತ್ತಿದ್ದ ಅಂಗಡಿಯ ಯಜಮಾನರು ಒಮ್ಮೆ ನಕ್ಕು ಹೇಳಿದ್ದರು: 'ಮಳೆ ಜಾಸ್ತಿಯಾದ ವರ್ಷ ಪೀಬರಿ ಅಳತೆ ಬದಲಾಯಿಸ್ತೀನಿ ಸಾರ್, ಇಲ್ದಿದ್ರೆ ನೀವೇ ಬಂದು ಪುಡಿ ಬದಲಾಗಿದೆ ಅಂತೀರಿ.' ತಂಬಾಕು ಬೆರೆಸುವವನ ಕೆಲಸವೂ ಇದೇ. ಫಸಲು ಪ್ರತಿ ವರ್ಷ ಬೇರೆ. ಅಳತೆ ಮುರಿದರೇ ರುಚಿ ಉಳಿಯುವುದು. ಗುಡ್‌ಮನ್ನನ ಲೆಕ್ಕಕ್ಕೆ ಈ ಪ್ರಾಮಾಣಿಕ ಮನುಷ್ಯ ವರ್ಷವರ್ಷವೂ ಬೇರೊಂದು ಕೃತಿ ನುಡಿಸುತ್ತಿದ್ದಾನೆ! ಹಾಗಾದರೆ ಅಸಲಿ ಇರುವುದು ಪುಸ್ತಕದಲ್ಲಲ್ಲ, ಬೆರೆಸುವವನ ನಾಲಿಗೆಯಲ್ಲಿ. ಕಾರ್ಖಾನೆ ಕೈಬದಲಾದಾಗ ಪುಸ್ತಕ ಹೊಸಬರಿಗೆ ಸಿಗುತ್ತದೆ, ನಾಲಿಗೆ ಸಿಗುವುದಿಲ್ಲ.

ಇಷ್ಟು ಹೇಳಿ ಗೆದ್ದೆನೆಂದು ಬೀಗುತ್ತಿದ್ದೆ. ಆಗ ಡನ್‌ಹಿಲ್‌ನದೇ ಇನ್ನೊಂದು ಕತೆ ಅಡ್ಡ ಬಂತು. ಆ ಹೆಸರಿನ ಪೈಪ್ ತಂಬಾಕು ನಿಂತು, 2019ರಲ್ಲಿ ಅವೇ ಮಿಶ್ರಣಗಳು ಪೀಟರ್ಸನ್ ಹೆಸರಿನಲ್ಲಿ ಬಂದವು. ತಯಾರಕರು ಮೊದಲಿನವರೇ, ಡೆನ್ಮಾರ್ಕಿನ ಜನ. ಬದಲಾದದ್ದು ಡಬ್ಬಿಯ ಮೇಲಿನ ಹೆಸರು. ಆದರೂ ರುಚಿ ಕೆಟ್ಟಿತೆಂದು ಆಣೆಯಿಟ್ಟು ಹೇಳುವ ಸೇದುಗರಿದ್ದರು. ನಾಲಿಗೆಯೂ ಲೇಬಲ್ ಓದುತ್ತದೆ. ಗುಡ್‌ಮನ್ ಇದನ್ನೂ ಕಂಡಿದ್ದ. ಇದು ಅಸಲಿ, ಅದು ನಕಲಿ ಎಂಬ ತಿಳಿವಳಿಕೆಯೇ ನಾವು ನೋಡುವ ರೀತಿಯನ್ನು ಬದಲಿಸುತ್ತದೆಂದು ಅದೇ ಪುಸ್ತಕದಲ್ಲಿ ವಾದಿಸಿದ್ದಾನೆ. ಬೈಯಲು ಹೊರಟವನ ಮಾತನ್ನೇ ಈಗ ಎರವಲು ಪಡೆಯಬೇಕಾಗಿದೆ.

ಇನ್ನು ನನ್ನ ನಾಲಿಗೆಯ ಯೋಗ್ಯತೆ? ಅಪ್ಪನ ಪೈಪನ್ನು ನಾನು ಒಮ್ಮೆಯೂ ಸೇದಿಲ್ಲ. ನನ್ನ ಹತ್ತಿರ ಇರುವುದು ಎಂಟು ವರ್ಷದ ಹುಡುಗನೊಬ್ಬನ ಮೂಗಿನ ಸಾಕ್ಷಿ ಮಾತ್ರ. ಅಂದಿನ ಡಬ್ಬಿಯೊಂದು ಸೀಲು ಒಡೆಯದೆ ಎಲ್ಲಾದರೂ ಸಿಕ್ಕರೂ ಉಪಯೋಗವಿಲ್ಲ. ತಂಬಾಕು ಡಬ್ಬಿಯೊಳಗೇ ಮಾಗುತ್ತದೆ. ಅಪ್ಪ ಸೇದಿದ್ದು ಅದರಲ್ಲಿ ಇರುವುದಿಲ್ಲ. ಗೆಳೆಯ ತಪ್ಪು ಎಂದು ಈಗಲೂ ಅನ್ನುತ್ತೇನೆ, ಮೊದಲಿನಷ್ಟು ಜೋರಾಗಿ ಅಲ್ಲ.

ಅಪ್ಪನ ಡಬ್ಬಿಯಲ್ಲಿ ಈಗ ಅಂಗಿಯ ಗುಂಡಿ, ಸೂಜಿದಾರ ಇವೆ. ಮುಚ್ಚಳ ತೆಗೆದರೆ ನನಗೆ ಇವತ್ತಿಗೂ ಒಣದ್ರಾಕ್ಷಿಯ ವಾಸನೆ ಬರುತ್ತದೆ. ಹೆಂಡತಿಗೆ ತುಕ್ಕಿನ ವಾಸನೆಯಷ್ಟೇ ಬರುತ್ತದಂತೆ.