ಭೋಗೋಪಭೋಗ ಪರಿಮಾಣ ವ್ರತವೂ ಇಂದಿನ ಗೃಹಸ್ಥ ಜೀವನವೂ



ಶ್ರೀ ವರ್ಧಮಾನ ಜಿನೇಂದ್ರನ ಪಾದಕಮಲಗಳಿಗೆ ವಂದಿಸಿ, ಶ್ರಾವಕಾಚಾರದ ಒಂದು ವಿಷಯವನ್ನು ಯಥಾಮತಿ ತಮ್ಮ ಮುಂದಿಡುತ್ತೇನೆ. ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ಅಹಿಂಸಾದಿ ಐದು ಅಣುವ್ರತಗಳ ಹೆಸರು ನಮ್ಮ ಮಕ್ಕಳಿಗೂ ಬಾಯಿಪಾಠವಾಗಿರುತ್ತದೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಮೈಗೂ ಬಾಯಿಗೂ ನೇರವಾಗಿ ಸಂಬಂಧಿಸಿದ ಭೋಗೋಪಭೋಗ ಪರಿಮಾಣ ವ್ರತವನ್ನು ವಿಚಾರಿಸುವವರು ವಿರಳ. ಸ್ನಾನದ ಸಾಬೂನು, ಮುಖದ ಲೇಪನ, ತುಟಿಯ ಬಣ್ಣ, ಹೋಟೆಲಿನ ಊಟ, ಕಚೇರಿಯ ಸಹೋದ್ಯೋಗಿಗಳೊಡನೆ ಕೈಗೊಳ್ಳುವ ಪ್ರವಾಸ, ಇವೆಲ್ಲವೂ ಈ ಒಂದೇ ವ್ರತದ ಎಲ್ಲೆಯೊಳಗೆ ಬರುತ್ತವೆ.

ಓದು ಉದ್ಯೋಗಗಳ ನಿಮಿತ್ತ ನಮ್ಮ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದು ಮುಂತಾದ ನಗರಗಳಲ್ಲಿ ನೆಲಸಿದ್ದಾರೆ. ಬಸದಿಗೆ ಬರುವ ಹಿರಿಯರು ಈಚೆಗೆ ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ: “ಮಗಳು ಕಚೇರಿಯವರೊಡನೆ ಎರಡು ದಿನ ಪ್ರವಾಸ ಹೋಗುತ್ತೇನೆನ್ನುತ್ತಾಳೆ, ಕಳುಹಿಸಬಹುದೇ? ಅಲ್ಲಿ ನೇಮ ಉಳಿದೀತೇ?” ಈ ಪ್ರಶ್ನೆಯನ್ನು ಕಡೆಗಣಿಸಲಾಗದು. ಮನೆಯೊಳಗೆ ಪಾಲಿಸಿ ಹೊರಗೆ ಬಿಡುವ ನೇಮವು ಒಂದೆರಡು ತಲೆಮಾರುಗಳಲ್ಲಿ ಮನೆಯೊಳಗೂ ಉಳಿಯದು. ಆದುದರಿಂದ ಉತ್ತರವನ್ನು ಶಾಸ್ತ್ರದಲ್ಲಿಯೇ ಹುಡುಕೋಣ.

ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ, ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ. ಅನ್ನ, ಗಂಧ, ಹೂವುಗಳು ಮೊದಲನೆಯದಕ್ಕೆ ಸೇರಿದರೆ ವಸ್ತ್ರ, ಆಭರಣ, ವಾಹನಗಳು ಎರಡನೆಯದಕ್ಕೆ ಸೇರುತ್ತವೆ. ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತವನ್ನು ವಿವರಿಸುವಾಗ ಭೋಜನ, ವಾಹನ, ಶಯನ, ಸ್ನಾನಗಳ ಜೊತೆಗೆ ಅಂಗರಾಗವನ್ನೂ ಹೆಸರಿಸಿದ್ದಾರೆ. ಮೈಗೆ ಪೂಸುವ ಸುಗಂಧ ಲೇಪನವೇ ಅಂಗರಾಗ. ಗೃಹಸ್ಥನಿಗೆ ಅಲಂಕಾರವೇ ಕೂಡದೆಂದು ಆಚಾರ್ಯರು ಹೇಳಲಿಲ್ಲ. ಅದು ಶುದ್ಧವಾಗಿರಲಿ, ಅದಕ್ಕೊಂದು ಮಿತಿಯಿರಲಿ ಎಂದರು. ಮಿತಿಯಲ್ಲಿ ಎರಡು ಬಗೆಯುಂಟು. ಆಜೀವ ಪರ್ಯಂತ ಮಾಡುವ ತ್ಯಾಗ ಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಕಾಲವನ್ನು ಗೊತ್ತುಮಾಡಿ ಮಾಡುವ ತ್ಯಾಗ ನಿಯಮ. ಯಮಕ್ಕೆ ಅಶಕ್ತನಾದವನಿಗೆ ನಿಯಮದ ಬಾಗಿಲು ತೆರೆದೇ ಇದೆ. ಈ ಭೇದವನ್ನು ನಾವು ಮಕ್ಕಳಿಗೆ ಕಲಿಸಿಲ್ಲ. “ಎಲ್ಲವನ್ನೂ ಎಂದೆಂದಿಗೂ ಬಿಡು, ಇಲ್ಲವಾದರೆ ನೀನು ಜೈನನಲ್ಲ” ಎಂದರೆ ದುರ್ಬಲ ಮನಸ್ಸು ಎರಡನೆಯದನ್ನೇ ಒಪ್ಪಿಕೊಂಡೀತು.

ಬಿಡತಕ್ಕ ವಸ್ತುಗಳನ್ನು ಪೂರ್ವಾಚಾರ್ಯರು ಐದು ವಿಧವಾಗಿ ವಿಂಗಡಿಸಿದ್ದಾರೆ. ತ್ರಸಜೀವಿಗಳ ಘಾತದಿಂದ ಬಂದದ್ದು, ಅಲ್ಪ ಫಲಕ್ಕಾಗಿ ಅನೇಕ ಜೀವಿಗಳ ಘಾತವಾಗುವಂಥದು, ಮತ್ತನ್ನೂ ಪ್ರಮಾದವನ್ನೂ ತರುವಂಥದು, ದೇಹಕ್ಕೆ ಅನಿಷ್ಟವಾದದ್ದು, ಸಜ್ಜನರು ಸೇವಿಸಲಾಗದ್ದು. ಈ ಐದನ್ನು ಅಡಿಗೆಮನೆಗೆ ಅನ್ವಯಿಸುವುದು ನಮಗೆ ಅಭ್ಯಾಸವಾಗಿದೆ. ಬಚ್ಚಲುಮನೆಯ ಗೂಡಿಗೂ ಕನ್ನಡಿಯ ಮುಂದಿನ ಡಬ್ಬಿಗಳಿಗೂ ಅನ್ವಯಿಸಿ ನೋಡೋಣ.

ತುಟಿಯ ಕೆಂಪಿಗೆ ಬಳಸುವ ಕಾರ್ಮೈನ್ ಎಂಬ ಬಣ್ಣವನ್ನು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಪುಟ್ಟ ಕೀಟಗಳನ್ನು ಕೊಂದು, ಒಣಗಿಸಿ ತೆಗೆಯುತ್ತಾರೆ. ಡಬ್ಬಿಯ ಮೇಲೆ ಅದು ‘ಸಿ.ಐ. 75470’ ಎಂಬ ಸಂಖ್ಯೆಯ ಮರೆಯಲ್ಲಿರುತ್ತದೆ. ವಿದೇಶದಿಂದ ಬರುವ ಕೆಲವು ತಿನಿಸುಗಳ ಮೇಲೆ ‘ಇ 120’ ಎಂದಿರುತ್ತದೆ. ಮುತ್ತಿನಂಥ ಹೊಳಪನ್ನು ಕೊಡುವ ‘ಸಿ.ಐ. 75170’ ಮೀನಿನ ಮೈಮೇಲಿನ ಹುರುಪೆಯಿಂದ ಬಂದದ್ದು. ‘ಸೋಡಿಯಂ ಟ್ಯಾಲೋವೇಟ್’ ಎಂದು ಬರೆದಿರುವ ಸಾಬೂನು ಪ್ರಾಣಿಗಳ ಕೊಬ್ಬಿನಿಂದ ಆದದ್ದು. ಅರಗು ಕೀಟಜನ್ಯವಾದದ್ದು, ಲಾಕ್ಷಾವಾಣಿಜ್ಯವನ್ನು ಶ್ರಾವಕನಿಗೆ ತಕ್ಕದ್ದಲ್ಲದ ಉದ್ಯೋಗಗಳಲ್ಲಿ ಎಣಿಸಿರುವುದು ಇದೇ ಕಾರಣದಿಂದ. ಜೇನುಮೇಣವು ಮಧುವಿನ ಒಡಹುಟ್ಟು. ಗ್ಲಿಸರಿನ್, ಸ್ಟಿಯರಿಕ್ ಆಮ್ಲಗಳು ಸಸ್ಯದ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಹೆಸರನ್ನು ನೋಡಿ ನಿರ್ಣಯಿಸಲಾಗದು, ತಯಾರಕರನ್ನು ಕೇಳಿ ತಿಳಿಯಬೇಕು. ಪ್ರಸಾಧನ ದ್ರವ್ಯಗಳನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡುವುದನ್ನು ನಮ್ಮ ದೇಶದಲ್ಲಿ 2014ರಲ್ಲಿ ನಿಷೇಧಿಸಲಾಯಿತು; ಹಾಗೆ ಪ್ರಯೋಗಿಸಿದ ವಸ್ತುಗಳ ಆಮದನ್ನೂ ಅದೇ ವರ್ಷ ತಡೆಯಲಾಯಿತು. ಇದು ಸಂತೋಷದ ಸಂಗತಿ. ಆದರೆ ವಸ್ತುವಿನ ಒಳಗೆ ಏನಿದೆಯೆಂದು ನೋಡುವ ಹೊಣೆ ಕೊಳ್ಳುವವರದೇ. ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು, ಹೆಸರುಹಿಟ್ಟು, ಕೊಬ್ಬರಿ ಎಣ್ಣೆ, ಶ್ರೀಗಂಧಗಳು ನಮ್ಮ ನಾಡಿನಲ್ಲಿ ಇನ್ನೂ ಮುಗಿದುಹೋಗಿಲ್ಲ. ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸ ಮಾಡುವವರಿಗಂತೂ ಅಲಂಕಾರ, ಗಂಧ, ಪುಷ್ಪ, ಸ್ನಾನ, ಕಣ್ಣಿನ ಅಂಜನ ಇವೆಲ್ಲವೂ ಆ ದಿನ ತ್ಯಾಜ್ಯವೆಂದು ಸಮಂತಭದ್ರರು ವಿಧಿಸಿದ್ದಾರೆ. ಹೊಟ್ಟೆಗೆ ಉಪವಾಸ, ಮುಖಕ್ಕೆ ಉತ್ಸವ ಎಂಬುದು ಉಪವಾಸವಾಗದು.

ಇಲ್ಲಿಯೇ ಹಿರಿಯರು ಕೇಳಬೇಕಾದ ಮಾತೊಂದಿದೆ. ಸೊಸೆಯ ತುಟಿಯ ಬಣ್ಣವನ್ನು ಕಂಡು ಮುಖ ಸಿಂಡರಿಸುವ ನಾವು ರೇಷ್ಮೆಯ ಮಡಿಯುಟ್ಟು ಅಭಿಷೇಕಕ್ಕೆ ನಿಲ್ಲುತ್ತೇವೆ. ಒಂದು ರೇಷ್ಮೆ ಸೀರೆಗೆ ಸಾವಿರಾರು ಗೂಡುಗಳು ಬೇಕು. ಎಳೆ ತುಂಡಾಗದಂತೆ ಬಿಚ್ಚಲು ಗೂಡಿನೊಳಗಿನ ಜೀವವನ್ನು ಬಿಸಿಯಲ್ಲಿಯೇ ಕೊಲ್ಲುತ್ತಾರೆ. ತ್ರಸಘಾತದ ಲೆಕ್ಕ ಹಿಡಿದರೆ ಯಾರ ಪಾಲು ಹೆಚ್ಚೆಂದು ತಾವೇ ಯೋಚಿಸಿರಿ. ಕಿರಿಯರಿಗೆ ವಿವೇಕ ಹೇಳುವ ಮನೆಯಲ್ಲಿ ಮೊದಲು ಹಿರಿಯರ ಪೆಟ್ಟಿಗೆ ಹಗುರವಾಗಬೇಕು. ಬಸದಿಗೆ ಹತ್ತಿಯ ಶುಭ್ರ ವಸ್ತ್ರಕ್ಕಿಂತ ಮಿಗಿಲಾದ ಮಡಿ ಇಲ್ಲ.

ಇನ್ನು ಹೊರಗಿನ ಊಟ. ಪೊಟ್ಟಣದ ಮೇಲಿನ ಹಸಿರು ಗುರುತನ್ನು ಕಂಡ ಕೂಡಲೇ ಅನೇಕರು ನಿಶ್ಚಿಂತರಾಗುತ್ತಾರೆ. ಆ ಗುರುತು ಸರಕಾರದ ಸಸ್ಯಾಹಾರದ ವ್ಯಾಖ್ಯೆಗೆ ಸಂಬಂಧಿಸಿದ್ದು, ಶ್ರಾವಕಾಚಾರಕ್ಕೆ ಸಂಬಂಧಿಸಿದ್ದಲ್ಲ. ಜೇನುತುಪ್ಪದ ಸೀಸೆಯ ಮೇಲೂ ಹಸಿರು ಗುರುತೇ ಇರುತ್ತದೆ. ಬೆಳ್ಳುಳ್ಳಿ, ಈರುಳ್ಳಿ, ಆಲೂಗಡ್ಡೆಗಳ ವಿಚಾರವನ್ನು ಅದು ಹೇಳುವುದೇ ಇಲ್ಲ. ಹೋಟೆಲಿನಲ್ಲಿ ಆ ಗುರುತಿನ ಆಸರೆಯೂ ಇಲ್ಲ. “ಈರುಳ್ಳಿ ಬೆಳ್ಳುಳ್ಳಿ ಬೇಡ” ಎಂದರೆ ಮಾಣಿ ತಲೆಯಾಡಿಸುತ್ತಾನೆ, ಆದರೆ ಸಾಂಬಾರು ಬೆಳಗ್ಗೆಯೇ ಬೆಂದಿರುತ್ತದೆ. ಮೊಟ್ಟೆ ಬೇಯಿಸಿದ ಕಾವಲಿಯಲ್ಲಿಯೇ ದೋಸೆ ಹೊಯ್ಯುವ ಕಡೆಗಳೂ ಉಂಟು. ಮೊಸರುವಡೆಯಲ್ಲಿ ದ್ವಿದಳದ ದೋಷವನ್ನು ಯಾರೂ ನೆನೆಯುವುದಿಲ್ಲ. ಕೆಲವು ಬಗೆಯ ಚೀಸನ್ನು ಗಟ್ಟಿಗೊಳಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ನೀರು ಸೋಸಿದ್ದೋ ಅಲ್ಲವೋ, ಸೋಸಿ ಎರಡು ಘಳಿಗೆ, ಎಂದರೆ 48 ನಿಮಿಷ, ಮೀರಿತೋ ಇಲ್ಲವೋ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ ಉಳಿದಿದೆಯೋ ಇಲ್ಲವೋ, ಇದನ್ನು ಹೋಟೆಲಿನಲ್ಲಿ ಕೇಳುವುದು ವ್ಯರ್ಥ.

ಇಷ್ಟೆಲ್ಲ ದೋಷಗಳಿರುವಾಗ ನಗರವಾಸಿಯಾದ ಯುವಕನು ಏನು ಮಾಡಬೇಕು? ಎಲ್ಲ ದೋಷಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮದ್ಯ, ಮಾಂಸ, ಮಧು, ಪಂಚೋದುಂಬರಗಳ ತ್ಯಾಗ ನಮ್ಮ ಅಷ್ಟಮೂಲಗುಣಗಳು. ಮೂಲವೇ ಕಡಿದರೆ ಮರ ನಿಲ್ಲದು, ಇಲ್ಲಿ ರಿಯಾಯಿತಿಯಿಲ್ಲ. ಮೊಟ್ಟೆಯೂ ಮಾಂಸದ ಸಾಲಿಗೇ ಸೇರಿದ್ದು. ಅನಂತರದ್ದು ರಾತ್ರಿಭೋಜನ ತ್ಯಾಗ, ಬಳಿಕ ಕಂದಮೂಲಗಳ ತ್ಯಾಗ, ಬಳಿಕ ನೀರು ಹಿಟ್ಟುಗಳ ಮರ್ಯಾದೆ. ಎಂದೋ ಒಂದು ದಿನ ಈರುಳ್ಳಿ ಬಾಯಿಗೆ ಬಿದ್ದಿತೆಂದು “ಹೇಗೂ ಕೆಟ್ಟೆನಲ್ಲ” ಎಂದು ಕೇಕಿನ ಮೊಟ್ಟೆಗೂ ಕೈಯೊಡ್ಡುವ ತರುಣರಿದ್ದಾರೆ. ಮೇಲಿನ ಮೆಟ್ಟಿಲಿನಲ್ಲಿ ಕಾಲು ಜಾರಿದವನು ಅದರ ಕೆಳಗಿನ ಮೆಟ್ಟಿಲಿನಲ್ಲಿ ನಿಲ್ಲಬೇಕೇ ಹೊರತು ತಾನಾಗಿ ಬಾವಿಗೆ ಹಾರಬಾರದು. ಈ ಕ್ರಮವನ್ನು ತಿಳಿಸಿಕೊಡದೆ ಬರಿಯ ಭಯವನ್ನು ತುಂಬಿದರೆ ಆ ಹಾರುವಿಕೆಯಲ್ಲಿ ನಮ್ಮ ಪಾಲೂ ಇರುತ್ತದೆ.

ಕಾಲದ ವಿಚಾರವನ್ನೂ ಗಮನಿಸಿರಿ. ಬೆಂಗಳೂರಿನಲ್ಲಿ ನವೆಂಬರ್ ಕೊನೆಯಲ್ಲಿ ಸೂರ್ಯನು ಸಂಜೆ 6ಕ್ಕೆ ಮೊದಲೇ ಮುಳುಗುತ್ತಾನೆ. ಜುಲೈ ಮೊದಲಲ್ಲಿ 6.50ರ ಸುಮಾರಿಗೆ ಮುಳುಗುತ್ತಾನೆ. ಕಚೇರಿಯಿಂದ ಮನೆ ಸೇರುವಷ್ಟರಲ್ಲಿ ಕತ್ತಲೆಯಾಗುವುದರಿಂದ ಅನಸ್ತಮಿತ ಭೋಜನ ಅಸಾಧ್ಯವೆಂಬ ಮಾತು ಕೇಳಿಬರುತ್ತದೆ. ಬುತ್ತಿಯ ಡಬ್ಬಿಯೊಂದು ಹೆಚ್ಚಾದರೆ ಅದು ಸಾಧ್ಯ. ಐದು ಗಂಟೆಗೆ ಸಹೋದ್ಯೋಗಿಗಳು ಚಹಾಕ್ಕೆ ಏಳುವ ಹೊತ್ತಿನಲ್ಲಿಯೇ ಊಟವನ್ನು ಮುಗಿಸಬಹುದು. ವಿಮಾನಗಳಲ್ಲಿ ಮುಂಚಿತವಾಗಿ ತಿಳಿಸಿದರೆ ‘ಜೈನ ಊಟ’ ದೊರೆಯುವುದುಂಟು. ಆದರೆ ರಾತ್ರಿ ಒಂಬತ್ತಕ್ಕೆ ಬಡಿಸಿದ ಜೈನ ಊಟವೂ ರಾತ್ರಿಭೋಜನವೇ ಎಂಬುದನ್ನು ಮರೆಯಬಾರದು.

ಈಗ ಸಹಪ್ರವಾಸದ ಪ್ರಶ್ನೆಗೆ ಬರೋಣ. ಹಸಿವಿನಿಂದ ಕೆಡುವ ವ್ರತಗಳು ಕಡಮೆ, ದಾಕ್ಷಿಣ್ಯದಿಂದ ಕೆಡುವ ವ್ರತಗಳೇ ಹೆಚ್ಚು. ಬಸ್ಸಿನಲ್ಲಿ ಕೈಯಿಂದ ಕೈಗೆ ಪೊಟ್ಟಣ ಬರುತ್ತದೆ. ಮೇಲಧಿಕಾರಿ ತಾವೇ ತಟ್ಟೆಯನ್ನು ಮುಂದೆ ಚಾಚುತ್ತಾರೆ. “ಒಂದು ದಿನಕ್ಕೇನಾಗುತ್ತದೆ?” ಎಂದು ಗೆಳತಿ ನಗುತ್ತಾಳೆ. ಅವರಾರೂ ಶತ್ರುಗಳಲ್ಲ, ಪ್ರೀತಿಯಿಂದಲೇ ಕರೆಯುತ್ತಾರೆ. ಆ ಕ್ಷಣದಲ್ಲಿ ವಿಚಾರಕ್ಕೆ ತೊಡಗಿದವರು ಸೋಲುತ್ತಾರೆ. ಹೊರಡುವ ಮೊದಲೇ ನಿಶ್ಚಯಿಸಿದವರು ನಿಲ್ಲುತ್ತಾರೆ.

ಖದಿರಸಾರನ ಕಥೆಯನ್ನು ತಾವು ಬಲ್ಲಿರಿ. ವಿಂಧ್ಯದ ಕಾಡಿನ ಆ ಬೇಟೆಗಾರನಿಗೆ ಸಮಾಧಿಗುಪ್ತ ಮುನಿಗಳು ಎಲ್ಲ ಮಾಂಸವನ್ನೂ ಒಮ್ಮೆಲೇ ಬಿಡಿಸಲಿಲ್ಲ. ಅವನ ಶಕ್ತಿಯನ್ನು ಅಳೆದು ಕಾಗೆಯ ಮಾಂಸವೊಂದನ್ನು ಬಿಡುವ ವ್ರತವನ್ನಿತ್ತರು. ಕಾಲಾಂತರದಲ್ಲಿ ರೋಗ ಬಂದು, ವೈದ್ಯನು ಕಾಗೆಯ ಮಾಂಸವನ್ನೇ ಔಷಧವೆಂದನು. ಅದನ್ನು ತಿನ್ನಿರೆಂದು ಒತ್ತಾಯಿಸಿದವರು ಅವನ ಬಂಧುಗಳು, ಅವನು ಬದುಕಲೆಂದು ಬಯಸಿದವರು. ಪ್ರಾಣ ಹೋದರೂ ಗುರುವಿತ್ತ ವ್ರತವನ್ನು ಬಿಡೆನೆಂದು ಅವನು ನಿಂತನು. ಆ ದೃಢತೆಯಿಂದಲೇ ಕೊನೆಗೆ ಶ್ರಾವಕನ ಐದು ವ್ರತಗಳನ್ನೂ ಕೈಕೊಂಡು ದೇವಗತಿಯನ್ನು ಪಡೆದನು. ಮುಂದೆ ಅವನೇ ಮಹಾವೀರ ಸ್ವಾಮಿಯ ಸಭೆಯಲ್ಲಿ ಪ್ರಶ್ನೆಗಳನ್ನು ಕೇಳಿದ ಶ್ರೇಣಿಕ ಮಹಾರಾಜ. ವ್ರತ ಚಿಕ್ಕದಾಗಿತ್ತು, ಸ್ಪಷ್ಟವಾಗಿತ್ತು, ಮೊದಲೇ ತೆಗೆದುಕೊಂಡದ್ದಾಗಿತ್ತು. ಆದುದರಿಂದ ಪ್ರೀತಿಯ ಒತ್ತಾಯವೂ ಅದನ್ನು ಮುರಿಯಲಿಲ್ಲ.

ಹಾಗೆಯೇ ಪ್ರವಾಸಕ್ಕೆ ಹೊರಡುವ ಮಗ ಅಥವಾ ಮಗಳು ಜಿನಬಿಂಬದ ಮುಂದೆ ನಿಂತು, “ಈ ಎರಡು ದಿನ ಇಂತಿಂತಹ ಸ್ಥಳಗಳಿಗಷ್ಟೇ ಹೋಗುವೆನು, ಸೂರ್ಯಾಸ್ತದ ಬಳಿಕ ನೀರಲ್ಲದೆ ಮತ್ತೇನನ್ನೂ ಸೇವಿಸೆನು, ಇಂತಿಂತಹ ಪದಾರ್ಥಗಳನ್ನು ಮುಟ್ಟೆನು” ಎಂದು ನಿಯಮ ಮಾಡಲಿ. ಇದರಲ್ಲಿ ದೇಶವ್ರತವೂ ಭೋಗೋಪಭೋಗ ಪರಿಮಾಣವೂ ಕೂಡಿಬರುತ್ತವೆ. ಅವಲಕ್ಕಿ, ಹುರಿಗಡಲೆ, ಚಕ್ಕುಲಿ, ಬಾಳೆಹಣ್ಣು ಜೊತೆಗಿರಲಿ. ದಾರಿಯಲ್ಲಿ ಎಳನೀರು ಸಿಗುತ್ತದೆ. ಸಂಗಡಿಗರಿಗೆ ಹೊರಡುವ ಮುನ್ನವೇ ಒಂದು ಸರಳ ಮಾತಿನಲ್ಲಿ ತಿಳಿಸಲಿ. ತಂದದ್ದನ್ನು ಎಲ್ಲರಿಗೂ ಹಂಚಲಿ. ಪರರ ತಟ್ಟೆಯನ್ನು ನೋಡಿ ಹೇವರಿಸುವುದಾಗಲಿ, ಊಟದ ನಡುವೆ ಉಪದೇಶ ಮಾಡುವುದಾಗಲಿ ಬೇಡ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳನ್ನು ಹೇಳಿದ ಧರ್ಮ ನಮ್ಮದು. ವ್ರತದಿಂದ ಅಹಂಕಾರ ಬೆಳೆದರೆ ನಾಲಗೆ ಗೆದ್ದು ಕಷಾಯಕ್ಕೆ ಸೋತಂತೆ.

ಆದುದರಿಂದ ತಾಯ್ತಂದೆಗಳಿಗೆ ನನ್ನ ಉತ್ತರವಿದು: ಭಯವನ್ನು ಕಟ್ಟಿ ಕಳುಹಿಸಬೇಡಿರಿ, ನಿಯಮವನ್ನು ಕೊಟ್ಟು ಕಳುಹಿಸಿರಿ. ಮಗಳನ್ನು ನೂರು ಪ್ರಶ್ನೆ ಕೇಳಿ ಮಗನನ್ನು ಒಂದೂ ಕೇಳದೆ ಬಿಡುವುದು ಶ್ರಾವಕಾಚಾರವಲ್ಲ. ಅಣುವ್ರತಗಳು ಶ್ರಾವಕನಿಗೂ ಶ್ರಾವಿಕೆಗೂ ಸಮಾನ. ಹಿಂದಿರುಗಿದ ಮಗು “ಅಲ್ಲಿ ತಪ್ಪಿದೆ” ಎಂದು ಹೇಳಿದರೆ ಅದನ್ನು ತಮ್ಮ ಮನೆಯ ಭಾಗ್ಯವೆಂದು ತಿಳಿಯಿರಿ. ಮನಸ್ಸು ಕದಡುವುದು ಅತಿಕ್ರಮ, ಬೇಲಿಯನ್ನು ದಾಟುವುದು ವ್ಯತಿಕ್ರಮ, ಒಮ್ಮೆ ಎಡವುವುದು ಅತಿಚಾರ, ಅದರಲ್ಲಿಯೇ ಆಸಕ್ತಿಯಿಂದ ಮುಳುಗುವುದು ಅನಾಚಾರ. ಒಪ್ಪಿಕೊಂಡ ಮಗುವು ಇನ್ನೂ ಅನಾಚಾರಕ್ಕೆ ಇಳಿದಿಲ್ಲ. ಅದನ್ನು ಪ್ರತಿಕ್ರಮಣದಿಂದ ಮೇಲೆತ್ತಬಹುದು. ಆಗ ಗದರಿದರೆ ಮುಂದಿನ ಬಾರಿ ಅದು ಸುಳ್ಳು ಹೇಳಲು ಕಲಿಯುತ್ತದೆ. ಒಂದು ಈರುಳ್ಳಿಗಾಗಿ ಸತ್ಯಾಣುವ್ರತವನ್ನೇ ಕಳೆದುಕೊಂಡಂತಾಗುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳು ಸೇರಿವೆ. ದೋಷವನ್ನು ಬೀದಿಗೆ ಹಾಕದಿರುವುದು, ಜಾರಿದವರನ್ನು ಮತ್ತೆ ನೆಲೆಗೊಳಿಸುವುದು, ಅಕ್ಕರೆಯಿಂದ ಕಾಣುವುದು. ಇವನ್ನು ಬಸದಿಯ ಗೋಡೆಯ ಮೇಲೆ ಬರೆದರೆ ಸಾಲದು, ಮನೆಯ ಊಟದ ಪಡಸಾಲೆಯಲ್ಲಿ ಆಚರಿಸಬೇಕು.

ಬರುವ ಅಷ್ಟಮಿಯಂದು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಮೈಗೆ ಹಚ್ಚುವ ಒಂದು ವಸ್ತು, ಹೊರಗೆ ತಿನ್ನುವ ಒಂದು ತಿನಿಸು, ಇವನ್ನು ಒಂದು ತಿಂಗಳ ಕಾಲ ಬಿಡುವ ನಿಯಮವನ್ನು ಪ್ರತಿಯೊಬ್ಬರೂ ತಮ್ಮ ಶಕ್ತಿಯನ್ನರಿತು ಕೈಗೊಳ್ಳಿರಿ. ಹಿರಿಯರೇ ಮೊದಲು ಹೇಳಲಿ. ದೂರದ ಊರಿನಲ್ಲಿರುವ ಮಕ್ಕಳು ದೂರವಾಣಿಯಲ್ಲಿ ಹೇಳಲಿ. ತಿಂಗಳು ತುಂಬಿದ ಮೇಲೆ ಅದನ್ನು ನಡೆಸಿದ ಬಗೆಯನ್ನು ಪರಸ್ಪರ ಕೇಳಿಕೊಳ್ಳಿರಿ. ಹೀಗೆ ಕೈಗೊಂಡ ಅಲ್ಪ ನಿಯಮವು ಮನೆಯ ಹೊಸಿಲನ್ನು ದಾಟಿಯೂ ಅವರ ಜೊತೆಗೆ ನಡೆಯುವುದು.

ಸಕಲ ಜೀವಿಗಳಿಗೂ ಮಂಗಳವಾಗಲಿ. ಜಯ ಜಿನೇಂದ್ರ.