ಒಲೆಯ ಹೊಗೆ ಯಾರ ಪಾಲಿಗೆ?

ಗೃಹಸ್ಥನ ಮನೆಯಲ್ಲಿ ಬೆಂಕಿಯಿಲ್ಲದೆ ದಿನ ಸಾಗದು. ಕುಟ್ಟುವುದು, ಬೀಸುವುದು, ಒಲೆ ಉರಿಸುವುದು, ನೀರು ತುಂಬುವುದು, ಕಸ ಗುಡಿಸುವುದು ಎಂಬ ಐದು ಕಾರ್ಯಗಳನ್ನು ಹಿರಿಯರು ಪಂಚಸೂನಗಳೆಂದು ಕರೆದರು. ಇವುಗಳಲ್ಲಿ ಹಿಂಸೆಯುಂಟು, ಆದರೆ ಇವುಗಳಿಲ್ಲದೆ ಗೃಹಸ್ಥಾಶ್ರಮವೇ ಇಲ್ಲ. ಆದ್ದರಿಂದ ಈ ಆರಂಭೀ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳುವುದೇ ಶ್ರಾವಕನ ಧರ್ಮವೆನಿಸಿತು. ಆ ಎಚ್ಚರವು ಎಲ್ಲಿಯವರೆಗೆ ಚಾಚಬೇಕು? ಕಟ್ಟಿಗೆಯ ಒಲೆಯೊಂದನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ.

ಸವದತ್ತಿ ಸೀಮೆಯ ಸಿರಸಂಗಿ ಕಾಳಿಕಾದೇವಿಯ ಕ್ಷೇತ್ರ. ಕಮ್ಮಾರ, ಬಡಿಗ, ಅಕ್ಕಸಾಲಿಗರು ದೂರದೂರದಿಂದ ಬಂದು ನಡೆದುಕೊಳ್ಳುವ ದೇವಿಯ ಸ್ಥಾನವದು. ಕುಲುಮೆಗೆ ಎಷ್ಟು ಇದ್ದಲು ಬೇಕು, ಎಷ್ಟು ಗಾಳಿ ಬೇಕು ಎಂಬುದನ್ನು ಅಳೆದು ನಡೆಯುವುದು ಆ ಕುಶಲಿಗಳ ವಿದ್ಯೆ. ಅದೇ ಊರಿನ ನಮ್ಮ ಮನೆಯ ಅಡುಗೆಯ ಬೆಂಕಿಯನ್ನು ಕುರಿತು ನಾವಾರೂ ಹಾಗೆ ಯೋಚಿಸಿರಲಿಲ್ಲ. ಹತ್ತಿಕಟ್ಟಿಗೆ, ಜಾಲಿಯ ಕಟ್ಟಿಗೆ, ಕುಳ್ಳು - ಇವೇ ನಮ್ಮ ಉರುವಲು. ನಮ್ಮ ತಾಯಿಯವರು ಒಂದೊಂದು ಕಟ್ಟಿಗೆಯನ್ನೂ ನೆಲಕ್ಕೆ ಮೆಲ್ಲನೆ ಬಡಿದು, ಇರುವೆ ಗೆದ್ದಲುಗಳು ಉದುರಿದ ಮೇಲೆಯೇ ಒಲೆಗೆ ಇಡುತ್ತಿದ್ದರು. ಮಣ್ಣಿನ ಮಾಳಿಗೆಯ ಆ ಅಡುಗೆಮನೆಯಿಂದ ಹೊಗೆ ಹೋಗಲು ಇದ್ದುದು ಒಂದೇ ಬೆಳಕಿಂಡಿ. ಮಳೆಗಾಲದಲ್ಲಿ ಅದನ್ನೂ ಮುಚ್ಚುತ್ತಿದ್ದೆವು. ಕೊಳವೆ ಊದಿ ಊದಿ ಅವರ ಕಣ್ಣು ಕೆಂಪೇರಿ, ಕೆಮ್ಮು ನೆಲೆನಿಂತಿತು. ಹೊಗೆಕೊಳವೆ ಇಡಿಸೋಣವೆಂದು ಅವರು ಎರಡು ಸಲ ಕೇಳಿದರು. ಮಾಳಿಗೆಗೆ ತೂತು ಮಾಡಿದರೆ ಸೋರುತ್ತದೆಂದು ನಾನೇ ಮುಂದೂಡಿದೆ. ಇರುವೆಯ ಪ್ರಾಣವನ್ನು ಎಣಿಸಿದ ಮನೆಯಲ್ಲಿ ತಾಯಿಯ ಉಸಿರನ್ನು ಎಣಿಸಿದವರಿರಲಿಲ್ಲ.

ಪ್ರಮಾದದಿಂದ ಪ್ರಾಣಗಳಿಗೆ ಒದಗುವ ಹಾನಿಯೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿರೂಪಣೆ. ಆ ಪ್ರಾಣಗಳಾದರೂ ಯಾವುವು? ಐದು ಇಂದ್ರಿಯಗಳು, ಮನ-ವಚನ-ಕಾಯಗಳ ಮೂರು ಬಲಗಳು, ಆಯುಷ್ಯ, ಶ್ವಾಸೋಚ್ಛ್ವಾಸ - ಹೀಗೆ ಹತ್ತು. ಒಲೆಯ ಹೊಗೆ ಇವುಗಳಲ್ಲಿ ಕಣ್ಣನ್ನೂ ಉಸಿರನ್ನೂ ನೇರವಾಗಿ ಮುಟ್ಟುತ್ತದೆ. ಮೆಲ್ಲಮೆಲ್ಲನೆ ಆಯುಷ್ಯವನ್ನೂ ಮುಟ್ಟುತ್ತದೆ. ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ‘ನಾನು ಒಲೆ ಹೊತ್ತಿಸಲಿಲ್ಲ, ಉಂಡೆನಷ್ಟೆ’ ಎಂದು ಗಂಡಸರು ನುಣುಚಿಕೊಳ್ಳುವಂತಿಲ್ಲ. ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು - ಕೃತ, ಕಾರಿತ, ಅನುಮೋದನೆಗಳೆಂಬ ಈ ಮೂರು ಬಾಗಿಲುಗಳಿಂದಲೂ ದೋಷ ಒಳಗೆ ಬರುತ್ತದೆ.

ಹೊಗೆಯೆಂದರೆ ಬೇರೇನಲ್ಲ, ಪೂರ್ಣವಾಗಿ ಉರಿಯದೆ ಉಳಿದ ಉರುವಲೇ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಬಹುಪಾಲು ಪಾತ್ರೆಗೆ ತಲುಪದೆ ವ್ಯರ್ಥವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಇದನ್ನು ಮನಗಂಡು ಹೊಸ ಒಲೆಯೊಂದನ್ನು ರೂಪಿಸಿತು. ಮುಚ್ಚಿದ ಉರಿಗೂಡು, ಕೆಳಗಿನಿಂದ ಗಾಳಿ ಬರುವ ಜಾಲರಿ, ಸಾಲಾಗಿ ಮೂರು ಪಾತ್ರೆಗಳಿಗೆ ಎಡೆ, ಕೊನೆಗೆ ಹೊಗೆಕೊಳವೆ - ಇದೇ ನಾಡಿಗೆ ಪರಿಚಿತವಾದ ಅಸ್ತ್ರ ಒಲೆ. ಕೇಂದ್ರ ಸರಕಾರವೂ 1983ರಿಂದ 2002ರವರೆಗೆ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ನಡೆಸಿತು.

ತಡವಾಗಿಯಾದರೂ ನಮ್ಮ ಮನೆಗೂ ಅಂಥದೊಂದು ಒಲೆ ಬಂದಿತು. ತಾಯಿಯವರಿಗೆ ಉಪಕಾರ ಮಾಡಿದೆನೆಂಬ ತೃಪ್ತಿ ನನಗೆ. ಆದರೆ ತಿಂಗಳಾಗುವಷ್ಟರಲ್ಲಿ ಅವರು ಹಿತ್ತಿಲಿನ ಹಳೆಯ ಒಲೆಯ ಮುಂದೆ ಕುಳಿತಿದ್ದರು. ಕಾರಣ ಸರಳ. ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದ ಮೇಲೆ ಒಲೆಯ ಬಾಯಲ್ಲಿ ಕೆಂಡದೆದುರು ನಿಲ್ಲಿಸಿ ಸುಡಬೇಕು. ಮುಚ್ಚಿದ ಉರಿಗೂಡಿನಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ‘ನನ್ನನ್ನ ಒಂದು ಮಾತು ಕೇಳಬೇಕಿತ್ತಪ್ಪಾ’ ಎಂದರಷ್ಟೆ. ಮೊದಲು ಕೇಳಿದ್ದನ್ನು ಕೊಡದೆ ತಪ್ಪಿದ್ದೆ. ಈಗ ಕೇಳದೆ ಕೊಟ್ಟು ತಪ್ಪಿದೆ. ವಿಚಾರಿಸದೆ ತೋರಿದ ಕರುಣೆಯೂ ಪ್ರಮಾದವೇ ಎಂಬುದನ್ನು ಅಂದು ತಿಳಿದೆ. ಅವರು ಹೇಳಿದಂತೆ ಮುಂದಿನ ಬಾಯನ್ನು ಅಗಲಗೊಳಿಸಿ, ಕೊಳವೆಯನ್ನು ಉಳಿಸಿಕೊಂಡು ಮತ್ತೆ ಕಟ್ಟಿಸಿದೆವು. ಶಾಖ ತುಸು ಹೆಚ್ಚು ವ್ಯರ್ಥವಾಯಿತು. ಆದರೆ ಒಲೆ ಉರಿಯಿತು, ಅವರು ಅದರ ಮುಂದೆ ಕುಳಿತರು.

ಆಯ್ಕೆ ಸರಿಯಾದರೆ ಸಾಲದು, ಬಳಕೆಯೂ ಸರಿಯಿರಬೇಕು. ಹಸಿಕಟ್ಟಿಗೆಯ ಶಾಖದ ಒಂದು ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದರಲ್ಲಿಯೇ ಕಳೆಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿಯೇ ಒಣಗಿಸಿ, ನೆನೆಯದಂತೆ ಒಟ್ಟಬೇಕು. ಸಣ್ಣದಾಗಿ ಸೀಳಿ, ಒಂದೆರಡನ್ನೇ ಇಟ್ಟು, ಗಾಳಿಗೆ ದಾರಿ ಬಿಡಬೇಕು. ಬೇಳೆಕಾಳುಗಳನ್ನು ಮೊದಲೇ ನೆನೆಹಾಕಿ, ಪಾತ್ರೆಗೆ ಮುಚ್ಚಳವಿಟ್ಟರೆ ಉರುವಲು ಉಳಿಯುತ್ತದೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಒಳಗೇ ತಿರುಗುತ್ತದೆ. ಈ ಕೆಲಸವನ್ನಾದರೂ ಮನೆಯ ಗಂಡಸರು ವಹಿಸಿಕೊಳ್ಳಲಿ. ಉರುವಲನ್ನು ತರುವಾಗ ಲೇಶ್ಯೆಗಳ ದೃಷ್ಟಾಂತ ನೆನಪಿರಲಿ. ನೇರಳೆಯ ಮರದ ಮುಂದೆ ನಿಂತ ಆರು ಮಂದಿಯಲ್ಲಿ ಒಬ್ಬ ಬುಡವನ್ನೇ ಕಡಿಯಹೊರಟರೆ, ಕೊನೆಯವನು ನೆಲಕ್ಕೆ ಬಿದ್ದ ಹಣ್ಣುಗಳಿಂದ ತೃಪ್ತನಾಗುತ್ತಾನೆ. ಬಿದ್ದ ಕಡ್ಡಿ, ಹೊಲದಲ್ಲಿ ಉಳಿದ ಕಟ್ಟಿಗೆ ಸಾಲುವಾಗ ನಿಂತ ಮರಕ್ಕೆ ಕೊಡಲಿ ಹಾಕುವುದೇಕೆ?

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅನಿಲದ ಒಲೆ ಹಳ್ಳಿಹಳ್ಳಿಗೂ ತಲುಪಿದೆ. ಕೊಳ್ಳಬಲ್ಲವರಿಗೆ ಅದು ಲೇಸು. ಆದರೂ ಸ್ನಾನದ ಹಂಡೆಯ ಕೆಳಗೆ, ರೊಟ್ಟಿಯ ಹಂಚಿನ ಕೆಳಗೆ, ಸಿಲಿಂಡರ್ ಮುಗಿದ ಬಡವರ ಮನೆಯಲ್ಲಿ ಕಟ್ಟಿಗೆ ಇಂದಿಗೂ ಉರಿಯುತ್ತಿದೆ. ಆದಕಾರಣ ನಮ್ಮ ಪ್ರಶ್ನೆ ಆರಿಲ್ಲ.

ನಮ್ಮ ತಾಯಿಯವರು ಈಗಿಲ್ಲ. ಕಟ್ಟಿಗೆಯನ್ನು ನೆಲಕ್ಕೆ ಬಡಿಯುವ ಆ ಮೆಲುಸಪ್ಪಳ ಮಾತ್ರ ನನ್ನ ಕಿವಿಯಲ್ಲಿದೆ. ಅದು ಬಿಡಬೇಕಾದ ರೂಢಿಯಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬೇಕಾದ ವ್ರತ. ಕಟ್ಟಿಗೆಯಲ್ಲಿ ಅಡಗಿದ ಜೀವವನ್ನು ನೋಡುವ ಕಣ್ಣು, ಒಲೆಯ ಮುಂದೆ ಕುಳಿತ ಜೀವವನ್ನೂ ನೋಡಲಿ.