ಕೊಳಕು ಬೇರೆ, ಮೈಲಿಗೆ ಬೇರೆ



*ಇಂದಿನ ಧಮ್ಮ ಚಿಂತನೆ*



ಭಾನುವಾರದ ಓದು ಮುಗಿದ ಮೇಲೆ ನಮ್ಮ ಬಳಗದ ಸಹೋದರಿಯೊಬ್ಬರು ಒಂದು ಪ್ರಶ್ನೆ ಕೇಳಿದರು. "ಮಳೆಗಾಲದಲ್ಲಿ ಮಕ್ಕಳು ಬೀದಿಯಿಂದ ಒಂದು ನಾಯಿಮರಿ ತಂದರು. ಹೊರಗೆ ಹೋಗೋದನ್ನ ಚೆನ್ನಾಗಿ ಕಲಿತಿತ್ತು. ಈಗ ಏಳು ತಿಂಗಳು. ಹದಿನೈದು ದಿನದಿಂದ ಮತ್ತೆ ಚಾಪೆ ಮೇಲೆ, ಅಡುಗೆಮನೆ ಬಾಗಿಲಲ್ಲಿ ಉಚ್ಚೆ ಹೊಯ್ತಿದೆ. ನಮ್ಮ ಮನೆಯವರು ಕೋಲು ತಗೋತಾರೆ. ಅತ್ತೆ, ಬೀದಿಗೇ ಬಿಟ್ಟು ಬಾ ಅಂತಾರೆ. ದಿನಾ ಒರೆಸೋಳು ನಾನು. ಪಂಚಶೀಲ ತಗೊಂಡ ಮನೇಲಿ ಏನು ಮಾಡಬೇಕು?"

ಒಂದಿಬ್ಬರು ನಕ್ಕರು. ಆದರೆ ಇದು ನಗುವ ಪ್ರಶ್ನೆಯಲ್ಲ. ಮೊದಲನೆಯ ಶೀಲ, ಕೋಪ, ಹೆಣ್ಣಿನ ದುಡಿಮೆ, ಮಡಿ ಮೈಲಿಗೆ, ನಾಲ್ಕೂ ಆ ಒಂದು ಚಾಪೆಯ ಮೇಲೆ ಸೇರಿವೆ. ಆದ್ದರಿಂದ ಇವತ್ತು ಅದನ್ನೇ ಯೋಚಿಸೋಣ.

*1. ಮೊದಲು ಕಾರಣ, ಆಮೇಲೆ ಮಾತು*

ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ. ಪಟಿಚ್ಚಸಮುಪ್ಪಾದ ಎಂದು ನಾವು ಓದುವುದರ ಸಾರ ಇದೇ. ಅದನ್ನು ಗ್ರಂಥದಲ್ಲೇ ಬಿಟ್ಟು ಬರಬಾರದು, ಮನೆಯ ನೆಲದ ಮೇಲೂ ಬಳಸಬೇಕು.

ಎರಡು ತಿಂಗಳ ಮರಿಗೆ ಉಚ್ಚೆ ತಡೆದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ನಾಯಿ ಸಾಕುವವರಲ್ಲಿ ಒಂದು ಅಂದಾಜು ಇದೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ಅದು ಹಗಲಿನಲ್ಲಿ ತಡೆಯಬಲ್ಲದು. ಎರಡು ತಿಂಗಳಿಗೆ ಮೂರು ಗಂಟೆ. ಅದೂ ಹೆಚ್ಚೆಂದರೆ. ನಿದ್ದೆಯಿಂದ ಎದ್ದ ಕೂಡಲೇ, ತಿಂದ ಮೇಲೆ, ಆಡಿದ ಮೇಲೆ ಅದಕ್ಕೆ ಹೊರಗೆ ಹೋಗಲೇಬೇಕು.

ಕಲಿತ ಮರಿ ಮತ್ತೆ ತಪ್ಪುವುದಕ್ಕೂ ಕಾರಣಗಳಿವೆ. ಆರು ತಿಂಗಳ ನಂತರ ಪ್ರಾಯ ಬರುತ್ತದೆ. ಗಂಡಾದರೆ ಕಾಲೆತ್ತಿ ಅಲ್ಲಲ್ಲಿ ಗುರುತು ಹಾಕಲು ಶುರು ಮಾಡುತ್ತದೆ. ಹೆಣ್ಣು ಬೆದೆಗೆ ಬಂದಾಗ ಮತ್ತೆ ಮತ್ತೆ ಉಚ್ಚೆ ಹೊಯ್ಯುತ್ತದೆ. ಉಚ್ಚೆಯ ದಾರಿಯಲ್ಲಿ ಸೋಂಕು ಆಗಿರಬಹುದು. ಸ್ವಲ್ಪ ಸ್ವಲ್ಪವೇ, ಪದೇ ಪದೇ ಆಗುತ್ತಿದ್ದರೆ, ರಕ್ತ ಕಂಡರೆ, ನೋವಿನಿಂದ ಕುಯ್‌ಗುಟ್ಟಿದರೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಪಟಾಕಿಯ ಹೆದರಿಕೆ, ಮನೆ ಬದಲಾದದ್ದು, ಹೊಸ ಕೂಸು ಬಂದದ್ದು, ಇವೂ ಕಾರಣಗಳೇ. ಕೆಲವು ಮರಿಗಳು ಯಜಮಾನ ಬಾಗಿಲು ತೆಗೆದ ಸಂತೋಷಕ್ಕೇ ಹೊಯ್ದುಬಿಡುತ್ತವೆ. ಇನ್ನು ಕೆಲವು ಎತ್ತಿದ ಕೈಗೆ ಹೆದರಿ ಹೊಯ್ಯುತ್ತವೆ. ಅಂಥ ಮರಿಗೆ ಹೊಡೆದರೆ ರೋಗಕ್ಕೆ ಮದ್ದು ಕೊಟ್ಟಂತಾಗುವುದಿಲ್ಲ. ರೋಗವನ್ನೇ ಮತ್ತೆ ಉಣಿಸಿದಂತಾಗುತ್ತದೆ.

ಇನ್ನೊಂದು ಕಾರಣ ವಾಸನೆ. ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ಜಾಗ ಸ್ವಚ್ಛ. ನಾಯಿಯ ಮೂಗಿಗೆ ಹಳೆಯ ವಾಸನೆ ಅಲ್ಲೇ ಇರುತ್ತದೆ. ಇದೇ ನನ್ನ ಜಾಗ ಎಂದು ಅದು ಮತ್ತೆ ಅಲ್ಲಿಗೇ ಬರುತ್ತದೆ. ಅಮೋನಿಯಾ ಇರುವ ದ್ರಾವಣವಾದರೆ ಇನ್ನೂ ಕೆಟ್ಟದ್ದು, ಅದರ ವಾಸನೆಯೇ ಉಚ್ಚೆಯ ಹಾಗಿರುತ್ತದೆ.

ಇಷ್ಟು ಕಾರಣಗಳಲ್ಲಿ "ಬೇಕೂಂತ ಮಾಡ್ತಿದೆ" ಎಂಬ ಕಾರಣ ಎಲ್ಲೂ ಇಲ್ಲ.

*2. ಚೇತನಾ ಇಲ್ಲದೆಡೆ ಅಪರಾಧವಿಲ್ಲ*

ಬುದ್ಧರು ಕಮ್ಮವನ್ನು ಚೇತನಾದಿಂದ, ಅಂದರೆ ಉದ್ದೇಶದಿಂದ ಅಳೆದರು. ಕಾಲಿನ ಕೆಳಗೆ ಗೊತ್ತಿಲ್ಲದೆ ಇರುವೆ ಸತ್ತದ್ದಕ್ಕೂ ತಿಳಿದು ಕೊಂದದ್ದಕ್ಕೂ ಅವರು ವ್ಯತ್ಯಾಸ ಮಾಡಿದರು. ಈ ಅಳತೆಯನ್ನು ಚಾಪೆಯ ಮೇಲಿಡೋಣ. ಮರಿ ಉಚ್ಚೆ ಹೊಯ್ದದ್ದರಲ್ಲಿ ನಮ್ಮನ್ನು ನೋಯಿಸುವ ಉದ್ದೇಶವಿಲ್ಲ. ಕೋಲು ಎತ್ತಿದ್ದರಲ್ಲಿ ನೋಯಿಸುವ ಉದ್ದೇಶವಿದೆ. ಆ ಹೊತ್ತಿನಲ್ಲಿ ಆ ಮನೆಯಲ್ಲಿ ಅಕುಶಲ ಕಮ್ಮ ಯಾರದ್ದು ಎಂದು ಬೇರೆ ಹೇಳಬೇಕಿಲ್ಲ.

"ಆದರೆ ಅದಕ್ಕೆ ತಪ್ಪು ಗೊತ್ತಾಗುತ್ತೆ, ಬೈದರೆ ತಲೆ ತಗ್ಗಿಸಿ ಮೂಲೆಗೆ ಹೋಗುತ್ತೆ" ಎಂದು ಹಲವರು ಹೇಳುತ್ತಾರೆ. ಇದನ್ನು ಒಬ್ಬ ವಿಜ್ಞಾನಿ ಪರೀಕ್ಷಿಸಿ ನೋಡಿದ್ದಾರೆ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14 ನಾಯಿಗಳಿದ್ದವು. ಯಜಮಾನರು ತಿಂಡಿ ಮುಟ್ಟಬೇಡ ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಕೆಲವು ಸಲ ನಾಯಿ ತಿಂದಿರುತ್ತಿತ್ತು, ಕೆಲವು ಸಲ ತಿಂದಿರುತ್ತಿರಲಿಲ್ಲ. ಯಜಮಾನರಿಗೆ ಮಾತ್ರ ಕೆಲವೊಮ್ಮೆ ಸುಳ್ಳು ಹೇಳಲಾಗುತ್ತಿತ್ತು. ಕೊನೆಗೆ ಕಂಡದ್ದು ಇಷ್ಟು: ತಲೆ ತಗ್ಗಿಸುವುದಕ್ಕೂ ತಪ್ಪು ಮಾಡಿದ್ದಕ್ಕೂ ಸಂಬಂಧವಿರಲಿಲ್ಲ. ಬೈಸಿಕೊಂಡದ್ದಕ್ಕೆ ಸಂಬಂಧವಿತ್ತು. ಏನೂ ತಿನ್ನದೆ ಸುಮ್ಮನೆ ಬೈಸಿಕೊಂಡ ನಾಯಿಗಳಲ್ಲೇ ಆ "ತಪ್ಪಿತಸ್ಥ" ಮುಖ ಹೆಚ್ಚಾಗಿ ಕಂಡಿತು.

ಬಂಧುಗಳೇ, ಇದನ್ನು ಓದಿ ಒಂದು ಕ್ಷಣ ನಿಲ್ಲಿ. ಗದರಿಸುವವನ ಮುಂದೆ ತಲೆ ತಗ್ಗಿಸಿದ್ದನ್ನೇ ತಪ್ಪಿನ ಒಪ್ಪಿಗೆ ಎಂದು ಓದುವ ಕಣ್ಣು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಗೌಡನ ಜಗಲಿಯ ಮುಂದೆ ಕೈಕಟ್ಟಿ ನಿಂತವರನ್ನು ನೋಡಿ, "ಇವರಿಗೇ ಇವರ ಯೋಗ್ಯತೆ ಗೊತ್ತಿದೆ" ಎಂದವರಿದ್ದರು. ಅದು ಹೆದರಿಕೆ. ಅದನ್ನು ಒಪ್ಪಿಗೆ ಎಂದು ಕರೆದದ್ದು ಹೆದರಿಸಿದವನಿಗೆ ಅನುಕೂಲ. ಆ ಕಣ್ಣು ನಮ್ಮ ಮನೆಯಲ್ಲಿ ಯಾರ ಮೇಲೂ ಬೀಳಬಾರದು. ಮರಿಯ ಮೇಲೆ ಬೇಡ, ಮಕ್ಕಳ ಮೇಲೆ ಮೊದಲೇ ಬೇಡ.

*3. ಕೇಸಿಗೆ ಹೇಳಿದ ಮಾತು*

ಅಂಗುತ್ತರ ನಿಕಾಯದಲ್ಲಿ ಕೇಸಿ ಎಂಬ ಕುದುರೆ ಪಳಗಿಸುವವನ ಸುತ್ತವಿದೆ. ಹೇಗೆ ಪಳಗಿಸುತ್ತೀಯ ಎಂದು ಬುದ್ಧರು ಕೇಳುತ್ತಾರೆ. ಕೆಲವನ್ನು ಮೃದುವಾಗಿ, ಕೆಲವನ್ನು ಬಿರುಸಾಗಿ, ಕೆಲವನ್ನು ಎರಡೂ ಸೇರಿಸಿ ಎನ್ನುತ್ತಾನೆ ಆತ. ಯಾವುದಕ್ಕೂ ಬಗ್ಗದಿದ್ದರೆ? ಕೊಂದುಬಿಡುತ್ತೇನೆ ಎನ್ನುತ್ತಾನೆ. ತಾನೂ ಮನುಷ್ಯರನ್ನು ಹಾಗೆಯೇ ಪಳಗಿಸುತ್ತೇನೆ ಎಂದು ಬುದ್ಧರು ಹೇಳಿದಾಗ ಕೇಸಿ ಬೆಚ್ಚಿಬೀಳುತ್ತಾನೆ. ಆಗ ಅವರು ಬಿಡಿಸಿ ಹೇಳುತ್ತಾರೆ. ಒಳ್ಳೆಯ ನಡತೆ ಮತ್ತು ಅದರ ಫಲವನ್ನು ತೋರಿಸುವುದು ಮೃದು. ಕೆಟ್ಟ ನಡತೆ ಮತ್ತು ಅದರ ಫಲವನ್ನು ತೋರಿಸುವುದು ಬಿರುಸು. ಇವನಿಗೆ ಇನ್ನು ಹೇಳಿ ಪ್ರಯೋಜನವಿಲ್ಲ ಎಂದು ಕೈಬಿಡುವುದೇ ಕೊಲ್ಲುವುದು.

ಇಲ್ಲಿ ಎರಡು ವಿಷಯ ಗಮನಿಸಿ. ಬುದ್ಧರ ಬಿರುಸಿನಲ್ಲಿಯೂ ಕೋಲು ಇಲ್ಲ. ಮತ್ತು ಅವರ ಲೆಕ್ಕದಲ್ಲಿ ಎಲ್ಲಕ್ಕಿಂತ ಘೋರವಾದದ್ದು ಕೈಬಿಡುವುದು. ಮನೆಯಲ್ಲಿ ಬೆಳೆದ ಮರಿಗೆ ಬೀದಿಯ ನಾಯಿಗಳ ಗಡಿ ಗೊತ್ತಿರುವುದಿಲ್ಲ, ವಾಹನಗಳ ಓಟ ಗೊತ್ತಿರುವುದಿಲ್ಲ. ಸಾಕಲು ನಿಜವಾಗಿಯೂ ಆಗದ ಮನೆಗಳಿವೆ. ಬಾಡಿಗೆ ಮನೆ, ಕಾಯಿಲೆ, ದುಡ್ಡಿನ ಕಷ್ಟ. ಅಂಥವರು ಬೇರೆ ಮನೆ ಹುಡುಕಿ ಕೊಡಲಿ, ಅದರಲ್ಲಿ ನಾಚಿಕೆಯಿಲ್ಲ. ಕತ್ತಲಲ್ಲಿ ಬಿಟ್ಟು ಬರುವುದು ಬೇರೆ.

ನಾಯಿಗೆ ಫಲ ತೋರಿಸುವುದು ಹೇಗೆ? ಮಾತಿನಿಂದ ಆಗದು. ಹೊರಗೆ ಸರಿಯಾದ ಜಾಗದಲ್ಲಿ ಮುಗಿಸಿದ ಕೂಡಲೇ, ಅಲ್ಲೇ ನಿಂತು, ಒಂದು ತುಂಡು ರೊಟ್ಟಿಯೋ ಬಿಸ್ಕತ್ತೋ ಕೊಟ್ಟು ಬೆನ್ನು ಸವರಬೇಕು. ಮನೆಯೊಳಗೆ ಅರ್ಧ ಗಂಟೆ ಹಿಂದೆ ಆದದ್ದಕ್ಕೆ ಈಗ ಬೈದರೆ ಅದಕ್ಕೆ ತಲುಪುವುದಿಲ್ಲ. ಉಚ್ಚೆಗೆ ಮೂಗು ಉಜ್ಜಿಸಿದರೆ ಅದು ಕಲಿಯುವುದು ಒಂದೇ: ಈ ಮನುಷ್ಯರ ಮುಂದೆ ಉಚ್ಚೆ ಹೊಯ್ಯಬಾರದು. ಆಮೇಲೆ ಮಂಚದ ಕೆಳಗೆ ಹೋಗಿ ಹೊಯ್ಯುತ್ತದೆ.

*4. ಕೊಳಕು ಮತ್ತು ಮೈಲಿಗೆ*

ಈಗ ಕಷ್ಟದ ಮಾತಿಗೆ ಬರೋಣ. ಅಡುಗೆಮನೆಯ ಬಾಗಿಲಲ್ಲಿ ಆದದ್ದಕ್ಕೇ ಏಕೆ ಅಷ್ಟು ರಂಪ? "ಮನೆ ಮೈಲಿಗೆಯಾಯಿತು" ಎಂಬ ಮಾತು ಏಕೆ ಬಂತು?

ಕೊಳಕು ಎಂದರೆ ಒರೆಸಿದರೆ ಹೋಗುವಂಥದ್ದು. ಸೋಪು, ನೀರು, ಬಿಸಿಲು ಸಾಕು. ಮೈಲಿಗೆ ಹಾಗಲ್ಲ. ಅದು ವಸ್ತುವಿನಿಂದ ಎದ್ದು ಮನುಷ್ಯನಿಗೆ ಅಂಟಿಕೊಳ್ಳುತ್ತದೆ, ಅವನ ಮಕ್ಕಳಿಗೂ ಅಂಟಿಕೊಳ್ಳುತ್ತದೆ. ಅದಕ್ಕೂ ಕೊಳಕಿಗೂ ಸಂಬಂಧವೇ ಇಲ್ಲ. ಸಾಕ್ಷಿ ಬೇಕೇ? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಪ್ರಾಣಿಗಳು ಕುಡಿದರೆ ಆ ಕೆರೆಗೆ ಏನೂ ಆಗುತ್ತಿರಲಿಲ್ಲ. ನಮ್ಮವರ ಕೈ ತಾಗಿದ್ದಕ್ಕೆ ಕೆರೆ ಕೆಟ್ಟಿತು ಎಂದರು. ಶುದ್ಧ ಮಾಡಲು 108 ಗಡಿಗೆಗಳಲ್ಲಿ ಹಾಲು, ಮೊಸರು, ಸಗಣಿ, ಗಂಜಲ ಸುರಿದರು. ಒಂದು ಪ್ರಾಣಿಯ ಮೂತ್ರ ನೀರನ್ನು ಶುದ್ಧ ಮಾಡುತ್ತದೆ, ಮನುಷ್ಯನ ಬೊಗಸೆ ಕೆಡಿಸುತ್ತದೆ. ಇದು ಸ್ವಚ್ಛತೆಯ ಲೆಕ್ಕವಲ್ಲ, ಯಜಮಾನಿಕೆಯ ಲೆಕ್ಕ.

ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ದೇಶಕ್ಕೆ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾಯ್ದೆ ಬಂದವು. ಕೊಳಕು ಮಾಡುವುದು ಒಬ್ಬರು, ಬಳಿಯುವುದು ಇನ್ನೊಬ್ಬರು, ಬಳಿದವರೇ ಕೀಳು. ಈ ಮೂರು ಸಾಲಿನ ಕಾನೂನನ್ನು ಮುರಿಯಲು ಅಷ್ಟು ವರ್ಷ ಹೋರಾಡಿದ ಜನ ನಾವು.

ಅದೇ ಕಾನೂನು ನಮ್ಮ ಮನೆಯೊಳಗೆ ನಡೆಯುತ್ತಿದೆಯೇ ನೋಡಿಕೊಳ್ಳಬೇಕು. ಮರಿ ಬೇಕು ಎಂದು ಹಠ ಮಾಡಿದವರು ಮಕ್ಕಳು. ಫೋಟೊ ತೆಗೆದು ಸ್ಟೇಟಸ್ ಹಾಕುವವರು ಅಣ್ಣಂದಿರು. ಬೈಯುವವರು ಅಪ್ಪ. ಬಳಿಯುವವಳು ಮಾತ್ರ ಸೊಸೆ, ಅಥವಾ ಕೆಲಸಕ್ಕೆ ಬರುವ ನಮ್ಮದೇ ಕೇರಿಯ ಅಕ್ಕ. ಹಾಗಿದ್ದರೆ ಆ ಮನೆಯಲ್ಲಿ ಬುದ್ಧರ ಪಟ ಇದೆ, ಬಾಬಾಸಾಹೇಬರ ಪಟ ಇದೆ, ಅವರು ಮುರಿದ ಕಾನೂನೂ ಇದೆ. ಕೋಲು ಎತ್ತುವವರ ಕೈಗೆ ಒರೆಸುವ ಬಟ್ಟೆ ಬರಲಿ. ಬಳಿಯುವ ಕೈ ಕೀಳಾಗುವುದಿಲ್ಲ ಎಂಬುದು ಭಾಷಣದಿಂದ ಮಕ್ಕಳಿಗೆ ತಿಳಿಯುವುದಿಲ್ಲ, ಅಪ್ಪ ಬಗ್ಗಿ ಒರೆಸಿದ ದಿನ ತಿಳಿಯುತ್ತದೆ. ಜಾಡಮಾಲಿಯಾಗಿದ್ದ ಸುನೀತರನ್ನು ಬುದ್ಧರು ಸಂಘಕ್ಕೆ ಸೇರಿಸಿಕೊಂಡ ಪ್ರಸಂಗವನ್ನು ಬಾಬಾಸಾಹೇಬರು ತಮ್ಮ "ಬುದ್ಧ ಮತ್ತು ಆತನ ಧಮ್ಮ"ದಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ.

*5. ಒಂದು ನ್ಯಾಯವಾದ ಆಕ್ಷೇಪ*

ಹಿರಿಯರೊಬ್ಬರು ಹೀಗೆ ಹೇಳಬಹುದು. "ಅವರ ಮನೆಯ ನಾಯಿ ನಡುಮನೆಯಲ್ಲಿ ಮಲಗುತ್ತಿತ್ತು, ನಮ್ಮವ್ವ ಹಿತ್ತಿಲಲ್ಲಿ ನಿಂತು ನೀರಿಗೆ ಬೊಗಸೆ ಒಡ್ಡುತ್ತಿದ್ದಳು. ನಮಗೆ ನಾಯಿಯ ಮೇಲಿನ ಕರುಣೆಯ ಪಾಠ ಬೇಡ."

ಈ ಮಾತನ್ನು ತಳ್ಳಿಹಾಕಬಾರದು. ನಾಯಿಗೆ ಹಾಸಿಗೆ, ಮನುಷ್ಯನಿಗೆ ಹಿತ್ತಿಲು ಎಂಬುದು ಮೈತ್ರಿಯಲ್ಲ, ಅದು ಶೋಕಿ. ಇವತ್ತಿಗೂ ನಾಯಿಗೆ ಹುಟ್ಟುಹಬ್ಬ ಮಾಡಿ, ಕೆಲಸದವರಿಗೆ ಬೇರೆ ಲೋಟ ಇಡುವ ಮನೆಗಳಿವೆ. ಆದರೆ ಆ ಲೋಟವನ್ನು ಬೇರೆ ಇಟ್ಟದ್ದು ನಾಯಿಯಲ್ಲ. ನಮ್ಮವ್ವನಿಗೆ ಸಿಗಬೇಕಿದ್ದ ಗೌರವ ಇವತ್ತು ಒಂದು ಮರಿಗೆ ಹೊಡೆದರೆ ವಾಪಸ್ ಬರುವುದೂ ಇಲ್ಲ. ಬಾಬಾಸಾಹೇಬರು ಕರುಣೆಗೂ ಮೈತ್ರಿಗೂ ವ್ಯತ್ಯಾಸ ಹೇಳಿದರು. ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಜೀವವಿರುವ ಎಲ್ಲದರ ಮೇಲಿನದ್ದು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವಂತಿಲ್ಲ. ಮನುಷ್ಯರನ್ನು ದಾಟಿ ನಾಯಿಯನ್ನು ಪ್ರೀತಿಸುವುದೂ ತಪ್ಪು, ಮನುಷ್ಯರಲ್ಲೇ ನಿಂತುಬಿಡುವುದೂ ಅಪೂರ್ಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ 13ನೆಯದು ಸಕಲ ಜೀವಿಗಳಿಗೆ ದಯೆ ತೋರುವುದನ್ನೇ ಹೇಳುತ್ತದೆ. ಅಷ್ಟು ಪೆಟ್ಟು ತಿಂದ ಜನರಿಗೆ ಆ ಪ್ರತಿಜ್ಞೆ ಕೊಟ್ಟರು ಎಂಬುದನ್ನು ಮರೆಯಬಾರದು. ನಮಗೆ ಸಿಗದದ್ದನ್ನು ಕೊಡುವ ಶಕ್ತಿ ನಮಗಿದೆ ಎಂದು ಅವರು ನಂಬಿದ್ದರು.

*ಇಂದಿನ ಅಭ್ಯಾಸ*

▪️ ಬುದ್ಧರು ರಾಹುಲನಿಗೆ ಹೇಳಿದ್ದು: ಕೆಲಸಕ್ಕೆ ಮೊದಲು, ಮಾಡುವಾಗ, ಮಾಡಿದ ಮೇಲೆ, ಮೂರು ಸಲವೂ ನೋಡಿಕೋ. ಕೈ ಎತ್ತುವ ಮೊದಲು ಮೂರು ಉಸಿರು ಎಣಿಸಿ.

▪️ ಕಲಿತದ್ದು ಮರೆತ ಮರಿಗೆ ಮೊದಲ ಪಾಠದಿಂದ ಶುರು ಮಾಡಿ. ಎದ್ದಾಗ, ತಿಂದಾಗ, ಆಡಿದಾಗ, ಮಲಗುವ ಮೊದಲು ಹೊರಗೆ, ಒಂದೇ ಜಾಗಕ್ಕೆ. ಎರಡು ಮೂರು ವಾರ ಬೇಸರವಿಲ್ಲದೆ.

▪️ ಆದ ಜಾಗವನ್ನು ಸೋಪಿನ ನೀರಿನಲ್ಲಿ ತೊಳೆದು, ವಿನೆಗರ್ ಬೆರೆಸಿದ ನೀರಿನಲ್ಲಿ ಮತ್ತೆ ಒರೆಸಿ. ಚಾಪೆ ಬಿಸಿಲಿಗೆ ಹಾಕಿ. ಇದನ್ನು ಮನೆಯ ಎಲ್ಲರೂ ಸರದಿಯ ಮೇಲೆ ಮಾಡಿ, ಗಂಡಸರು ಮೊದಲು.

▪️ ವಾರ ಕಳೆದರೂ ಕಡಿಮೆಯಾಗದಿದ್ದರೆ ಪಶು ವೈದ್ಯರಿಗೆ ತೋರಿಸಿ.

▪️ ಮನೆಯಲ್ಲಿ ನಾಯಿ ಇಲ್ಲದವರಿಗೂ ಇಂದಿನ ಪ್ರಶ್ನೆ ಇದೆ. ನಿಮ್ಮ ಮುಂದೆ ತಲೆ ತಗ್ಗಿಸುವವರು ಯಾರು? ಅದು ತಪ್ಪಿನ ಅರಿವೋ, ನಿಮ್ಮ ಹೆದರಿಕೆಯೋ? ರಾತ್ರಿ ಮಲಗುವ ಮುನ್ನ ಐದು ನಿಮಿಷ ಕುಳಿತು ಯೋಚಿಸಿ.

ಸಕಲ ಜೀವಿಗಳಿಗೆ ಮಂಗಳವಾಗಲಿ.

ನಮೋ ಬುದ್ಧಾಯ. ಜೈಭೀಮ್. 💙

_(ಓದಿ, ಮನೆಯವರಿಗೂ ಓದಿ ಹೇಳಿ, ಬಂಧುಗಳಿಗೆ ಕಳಿಸಿ)_